ಕಿವಿಯುಳ್ಳ ಮನೆ

ಗೋಡೆಗೂ ಕಿವಿಯುಂಟೆಂಬ ಗಾದೆಯು ಇಷ್ಟು ಕಾಲವೂ ಎಚ್ಚರಿಕೆಯ ಮಾತಾಗಿದ್ದಿತು. ಗುಟ್ಟನ್ನು ಮೆಲ್ಲಗೆ ಆಡಬೇಕು, ಆಚೆಯ ಕೋಣೆಯಲ್ಲಿ ಯಾರಾದರೂ ಕುಳಿತಿರಬಹುದು ಎಂಬಷ್ಟೇ ಅದರ ತಾತ್ಪರ್ಯ. ಈಗಲಾದರೋ ಆ ಮಾತು ಅಕ್ಷರಶಃ ನಿಜವಾಗಿರುವುದು. ಮೇಜಿನ ಮೇಲಿಟ್ಟ ಅಂಗೈಯಗಲದ ಸ್ಪೀಕರು ನಮ್ಮ ಮಾತನ್ನು ಕೇಳಿ ದೀಪ ಹಚ್ಚುವುದು, ಹಾಡು ಹಾಕುವುದು, ನಾಳೆ ಮಳೆ ಬರುವುದೋ ಇಲ್ಲವೋ ಎಂಬುದನ್ನು ತಿಳಿಸುವುದು. ಬಾಗಿಲ ಮೇಲಿನ ಕ್ಯಾಮರಾ ಬಂದವರ ಮುಖವನ್ನು ಮೊಬೈಲಿಗೆ ಕಳಿಸುವುದು. ಕಸ ಗುಡಿಸುವ ಯಂತ್ರವು ಮನೆಯ ಕೋಣೆ ಕೋಣೆಯ ನಕ್ಷೆಯನ್ನು ತಾನೇ ಬರೆದುಕೊಳ್ಳುವುದು. ಇಂಥ ಸಲಕರಣೆಗಳುಳ್ಳ ಮನೆಗೆ ಸ್ಮಾರ್ಟ್ ಮನೆ, ಅಂದರೆ ಜಾಣಮನೆ ಎಂದು ಹೆಸರು.

ಈ ಜಾಣತನಕ್ಕೆ ನಾವು ತೆರುವ ಬೆಲೆಯೇನೆಂಬುದು ಕಣ್ಣಿಗೆ ಕಾಣುವಂಥದಲ್ಲ. ಕಾಣದ್ದನ್ನು ಕಾಣಿಸುವುದು ಕಲೆಯ ಕೆಲಸವಷ್ಟೆ? ಆದುದರಿಂದ ಕೆಲವು ಕಲಾವಿದರು ಈ ಕಣ್ಗಾವಲನ್ನೇ ವಸ್ತುವಾಗಿಟ್ಟುಕೊಂಡು ಕೃತಿಗಳನ್ನು ಕಟ್ಟಿರುವರು. ಅವು ಗೋಡೆಗೆ ತೂಗು ಹಾಕುವ ಚಿತ್ರಗಳಲ್ಲ. ನೋಡಬಂದವನು ಒಳಗೆ ಹೊಕ್ಕು, ಕೂತು, ಮುಟ್ಟಿ, ಮಾತಾಡಿದಾಗಲೇ ಅವು ಪೂರ್ತಿಯಾಗುವವು. ಇದಕ್ಕೆ ನಮ್ಮ ಕಲಾವಿಮರ್ಶಕರು ಪ್ರತಿಷ್ಠಾಪನಾ ಕಲೆಯೆಂದು ಹೆಸರಿಟ್ಟಿರುವರು. ಅಂಥ ಕೃತಿಯೊಂದನ್ನು ನಮ್ಮ ವಿಜಯಪುರದಲ್ಲಿ ಕಟ್ಟುವುದಾದರೆ ಯಾವ ತತ್ತ್ವದ ಮೇಲೆ, ಯಾವ ಕ್ರಮದಿಂದ ಕಟ್ಟಬೇಕು, ಗೃಹಸ್ಥರಾದ ನಾವು ಅದರಿಂದ ತಿಳಿಯತಕ್ಕದ್ದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶವು.

ಗಿಳಿಯ ಬಾಯಿ

ಮನೆಯಲ್ಲಿ ಆಡಿದ ಮಾತು ಹೊರಗೆ ಹೋದೀತೆಂಬ ಅಂಜಿಕೆ ಇಂದು ನಿನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿರಿ. ಬಹುಕಾಲ ಹೆಸರು ಮಾತ್ರ ಉಳಿದಿದ್ದ ಆ ಗ್ರಂಥದ ಓಲೆಯ ಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ಅದರ ಮೊದಲನೆಯ ಅಧಿಕರಣದಲ್ಲಿ ರಾಜನು ಮಂತ್ರಾಲೋಚನೆ ಮಾಡುವ ಸ್ಥಳ ಹೇಗಿರಬೇಕೆಂಬ ವಿಚಾರ ಬರುವುದು. ಆ ಸ್ಥಳ ಸುತ್ತಲೂ ಮರೆಯುಳ್ಳದ್ದಾಗಿರಬೇಕು. ಒಳಗಿನ ಮಾತು ಹೊರಗೆ ಸುಳಿಯಬಾರದು. ಹಕ್ಕಿಗಳ ಕಣ್ಣಿಗೂ ಅದು ಬೀಳಬಾರದು. ಗಿಳಿ, ಗೊರವಂಕ, ನಾಯಿ ಮುಂತಾದ ಪ್ರಾಣಿಗಳಿಂದಲೂ ಗುಟ್ಟು ಬಯಲಾದುದುಂಟೆಂದು ಕೌಟಿಲ್ಯನು ಕಾರಣವನ್ನೂ ಹೇಳಿರುವನು.

ಅದೇ ಅಧಿಕರಣದಲ್ಲಿ ದೊಡ್ಡವರ ಮನೆಗಳೊಳಗೆ ಇಡತಕ್ಕ ಗೂಢಚಾರರ ಪಟ್ಟಿಯೂ ಉಂಟು. ಅಡಿಗೆಯವನು, ಸ್ನಾನ ಮಾಡಿಸುವವನು, ಹಾಸಿಗೆ ಹಾಸುವವನು, ಕ್ಷೌರಿಕ, ನೀರು ತರುವವನು, ಹೀಗೆ ಪಟ್ಟಿ ಬೆಳೆಯುವುದು. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮನೆಯ ಒಳಸುದ್ದಿ ತಿಳಿಯಬೇಕಾದರೆ ಮನೆಗೆ ಉಪಯೋಗ ಬೀಳುವ ಕೈಯೇ ಬೇಕು. ಹಗೆಯಾಗಿ ಬಂದವನಿಗೆ ತಲಬಾಗಿಲಲ್ಲಿಯೇ ತಡೆಯಾಗುವುದು. ಸೇವಕನಾಗಿ ಬಂದವನು ಮಲಗುವ ಕೋಣೆಯವರೆಗೂ ಹೋಗಬಲ್ಲನು. ಇಂದಿನ ಯಂತ್ರವೂ ದೀಪ ಹಚ್ಚುವ ಆಳಾಗಿಯೇ ಒಳಗೆ ಬಂದಿರುವುದು.

ಅಮರುಶತಕದಲ್ಲಿ ಸಹೃದಯರೆಲ್ಲ ಮೆಚ್ಚುವ ಶ್ಲೋಕವೊಂದುಂಟು. ರಾತ್ರಿ ದಂಪತಿಗಳು ಏಕಾಂತದಲ್ಲಿ ಆಡಿದ ಮಾತನ್ನು ಮನೆಯ ಗಿಳಿ ಕೇಳಿಸಿಕೊಂಡು, ಬೆಳಗಾದ ಮೇಲೆ ಹಿರಿಯರ ಮುಂದೆ ಅದನ್ನೇ ಉಲಿಯತೊಡಗುವುದು. ನಾಚಿಕೊಂಡ ವಧುವು ತನ್ನ ಕಿವಿಯಾಭರಣದ ಕೆಂಪು ಹರಳನ್ನು ದಾಳಿಂಬೆಯ ಬೀಜವೆಂಬ ನೆವದಿಂದ ಅದರ ಕೊಕ್ಕಿನಲ್ಲಿಟ್ಟು ಬಾಯಿ ಕಟ್ಟುವಳು. ಇಂದಿನ ಮಾತಿನ ಯಂತ್ರಕ್ಕೆ ಇದಕ್ಕಿಂತ ಹತ್ತಿರದ ಪೂರ್ವಚಿತ್ರ ಎಲ್ಲಿ ಸಿಕ್ಕೀತು! ಆದರೂ ಶ್ಲೋಕವನ್ನು ಓದಿದಾಗ ನಮಗೆ ನಗೆ ಬರುವುದು, ಭಯವಾಗುವುದಿಲ್ಲ. ಏಕೆ? ಗಿಳಿಯು ಎಲ್ಲರ ಕಣ್ಣೆದುರಿಗೇ ಇರುವುದು. ಕೇಳಿದ್ದನ್ನು ಮನೆಯವರ ಮುಂದೆಯೇ ಹೇಳುವುದು. ಅದರ ಬಾಯಿ ಮುಚ್ಚುವ ಉಪಾಯವೂ ಮನೆಯ ಹೆಣ್ಣುಮಗಳ ಕೈಯಲ್ಲಿಯೇ ಇರುವುದು.

ಗುಮ್ಮಟದ ಪಿಸುಮಾತು

ಕೇಳುವ ಗೋಡೆಯು ನಮ್ಮ ಊರವರಿಗಂತೂ ಹೊಸತಲ್ಲ. ೧೬೨೭ರಿಂದ ೧೬೫೬ರ ವರೆಗೆ ಆಳಿದ ಮುಹಮ್ಮದ ಆದಿಲಶಹನ ಸಮಾಧಿಯಾದ ಗೋಳಗುಮ್ಮಟವನ್ನು ಹತ್ತದ ಹುಡುಗರು ವಿಜಯಪುರದಲ್ಲಿ ವಿರಳ. ಮೂಲೆಗಳಲ್ಲಿರುವ ಏಳಂತಸ್ತಿನ ಗೋಪುರದ ಮೆಟ್ಟಿಲುಗಳನ್ನೇರಿ ಹೋದರೆ, ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಒಂದು ಮೊಗಸಾಲೆ ಸಿಕ್ಕುವುದು. ಗುಮ್ಮಟದ ಒಳವ್ಯಾಸ ಸುಮಾರು ೧೨೪ ಅಡಿ. ಒಂದು ಬದಿಯ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ಮಾತು ಅಷ್ಟು ದೂರದಲ್ಲಿ ಎದುರುಗೋಡೆಗೆ ಕಿವಿಗೊಟ್ಟವನಿಗೆ ಹತ್ತಿರದಲ್ಲಿ ನಿಂತು ಹೇಳಿದಂತೆಯೇ ಕೇಳಿಸುವುದು. ಚಪ್ಪಾಳೆ ತಟ್ಟಿದರೆ ಮರುದನಿಯ ಮೇಲೆ ಮರುದನಿ ಬರುವುದು.

ಇದರಲ್ಲಿ ಮಾಯೆಯೇನೂ ಇಲ್ಲ. ಬಾಗಿದ ಗೋಡೆಯ ಬಳಿ ಹುಟ್ಟಿದ ಧ್ವನಿಯು ಚದರಿಹೋಗದೆ ಆ ಗೋಡೆಯನ್ನೇ ಹಿಡಿದುಕೊಂಡು ಸುತ್ತುವುದೆಂದು ಲಾರ್ಡ್ ರೇಲೀ ಎಂಬ ವಿಜ್ಞಾನಿಯು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಮೊಗಸಾಲೆಯನ್ನು ಕುರಿತು ವಿವರಿಸಿದನು. ಸಿ. ವಿ. ರಾಮನ್ನರು ೧೯೨೧ರಲ್ಲಿ ಅದೇ ಮೊಗಸಾಲೆಯಲ್ಲಿ ಪರೀಕ್ಷೆ ನಡೆಸಿ, ತರುವಾಯ ನಮ್ಮ ಗೋಳಗುಮ್ಮಟವೂ ಸೇರಿದಂತೆ ಇಂಥ ಕಟ್ಟಡಗಳನ್ನು ಕುರಿತು ಲೇಖನ ಬರೆದರು.

ಗುಮ್ಮಟದ ಕಾಲದಲ್ಲಿಯೇ, ಅಂದರೆ ೧೬೫೦ರಲ್ಲಿ, ರೋಮ್ ನಗರದಲ್ಲಿದ್ದ ಅಥನೇಸಿಯಸ್ ಕಿರ್ಖರ್ ಎಂಬ ಪಾದ್ರಿಯು ಸಂಗೀತವನ್ನೂ ಧ್ವನಿಯನ್ನೂ ಕುರಿತ ಮಹಾಗ್ರಂಥವೊಂದನ್ನು ಪ್ರಕಟಿಸಿದನು. ಅದರಲ್ಲೊಂದು ವಿಚಿತ್ರವಾದ ನಕ್ಷೆಯುಂಟು. ಅರಮನೆಯ ಗೋಡೆಯೊಳಗೆ ಶಂಖದಂತೆ ಸುರುಳಿಗೊಂಡ ದೊಡ್ಡ ಕೊಳವೆ. ಅದರ ಅಗಲವಾದ ಬಾಯಿ ಜನ ಸೇರುವ ಚೌಕದ ಕಡೆಗೆ, ಕಿರಿದಾದ ತುದಿ ಒಳಕೋಣೆಯಲ್ಲಿಟ್ಟ ವಿಗ್ರಹದ ತುಟಿಯ ಕಡೆಗೆ. ಹೊರಗೆ ಜನರು ಆಡಿಕೊಂಡ ಮಾತೆಲ್ಲವೂ ಒಳಗಿದ್ದ ಒಡೆಯನಿಗೆ ವಿಗ್ರಹವೇ ಹೇಳಿದಂತೆ ಕೇಳಬೇಕೆಂದು ಅವನ ಕಲ್ಪನೆ.

ವಾಚಕರು ಈ ಎರಡು ಕಟ್ಟಡಗಳನ್ನು ಜೊತೆಗಿಟ್ಟು ನೋಡಬೇಕು. ಎರಡರಲ್ಲಿಯೂ ಗೋಡೆ ಕೇಳುವುದು. ಆದರೆ ಗುಮ್ಮಟದಲ್ಲಿ ಆಡುವವನೂ ಕೇಳುವವನೂ ಒಂದೇ ವರ್ತುಲದಲ್ಲಿ ನಿಂತಿರುವರು. ನಾನು ಅವನ ಮಾತನ್ನು ಕೇಳಬಲ್ಲೆನಾದರೆ ಅವನೂ ನನ್ನ ಮಾತನ್ನು ಕೇಳಬಲ್ಲನು. ಎದುರಿಗೆ ಯಾರು ಕಿವಿಗೊಟ್ಟಿರುವರೆಂಬುದು ನನಗೆ ಕಾಣುವುದು. ಆಡಿದ ಮಾತು ಕೆಲವು ಕ್ಷಣ ಸುಳಿದಾಡಿ ಅಡಗಿಹೋಗುವುದು. ಮರುದಿವಸ ಬಂದವನಿಗೆ ಗೋಡೆಯು ಅದನ್ನು ತಿರುಗಿ ಹೇಳುವುದಿಲ್ಲ. ಕಿರ್ಖರನ ಕೊಳವೆಯಾದರೋ ಒಂದೇ ದಿಕ್ಕಿಗೆ ಹರಿಯುವಂಥದು. ಚೌಕದಲ್ಲಿ ನಿಂತವನಿಗೆ ಒಳಗಿನವನು ಕಾಣುವುದಿಲ್ಲ, ಕೇಳುವುದೂ ಇಲ್ಲ. ತನ್ನ ಮಾತಿಗೆ ಶ್ರೋತೃವೊಬ್ಬನಿರುವನೆಂಬ ಸಂಶಯವೂ ಅವನಿಗೆ ಬಾರದು. ನಮ್ಮ ಜಾಣಮನೆಯು ಗುಮ್ಮಟದ ಜಾತಿಯದೋ ಕೊಳವೆಯ ಜಾತಿಯದೋ ಎಂಬುದೇ ಮುಖ್ಯವಾದ ಪ್ರಶ್ನೆ.

ದೂರದ ಶ್ರೋತೃ

ಮಾತಿನ ಯಂತ್ರ ನಡೆಯುವ ಬಗೆ ಹೀಗೆ. ಅದರೊಳಗಿನ ಮೈಕು ಯಾವಾಗಲೂ ಎಚ್ಚರವಾಗಿದ್ದು, ಅಲೆಕ್ಸಾ ಎಂಬಂಥ ಒಂದು ಕೂಗುಹೆಸರಿಗಾಗಿ ಕಾಯುತ್ತಿರುವುದು. ಆ ಹೆಸರು ಕಿವಿಗೆ ಬಿದ್ದೊಡನೆ, ಮುಂದಿನ ಮಾತು ಇಂಟರ್ನೆಟ್ಟಿನ ಮೂಲಕ ದೂರದ ಕಂಪನಿಯ ಕಂಪ್ಯೂಟರುಗಳಿಗೆ ಹೋಗಿ, ಅಲ್ಲಿ ಅರ್ಥವಾಗಿ, ಉತ್ತರ ತಿರುಗಿ ಬರುವುದು. ಹೆಸರನ್ನು ಹೋಲುವ ಬೇರೆ ಮಾತು ಕೇಳಿದಾಗಲೂ ಯಂತ್ರವು ಮೋಸಹೋಗಿ ಎಚ್ಚರಗೊಳ್ಳುವುದುಂಟು. ಅಮೆಝಾನ್ ಕಂಪನಿಯ ಈ ಯಂತ್ರವು ನಮ್ಮ ದೇಶದ ಪೇಟೆಗೆ ಬಂದುದು ೨೦೧೭ರಲ್ಲಿ. ಯಂತ್ರದ ತಿಳಿವಳಿಕೆಯನ್ನು ತಿದ್ದುವ ಸಲುವಾಗಿ ಸಂಬಳದ ಜನರು ಇಂಥ ಧ್ವನಿಯ ತುಣುಕುಗಳನ್ನು ಕುಳಿತು ಕೇಳುವರೆಂಬ ಸಂಗತಿ ೨೦೧೯ರಲ್ಲಿ ಪತ್ರಿಕೆಗಳಿಂದ ಹೊರಬಿದ್ದಿತು. ಮಕ್ಕಳ ಧ್ವನಿಯನ್ನು ಸಂಗ್ರಹಿಸಿಟ್ಟುಕೊಂಡ ಆರೋಪದ ಮೇಲೆ ಅಮೇರಿಕೆಯ ಸರಕಾರದ ವ್ಯಾಪಾರ ಆಯೋಗವು ಹೂಡಿದ ವ್ಯಾಜ್ಯದಲ್ಲಿ ಆ ಕಂಪನಿಯು ೨೦೨೩ರಲ್ಲಿ ಎರಡೂವರೆ ಕೋಟಿ ಡಾಲರು ತೆರಲು ಒಪ್ಪಿಕೊಂಡಿತು. ಅದೇ ವರ್ಷ, ಅದೇ ಒಡೆತನದ ರಿಂಗ್ ಎಂಬ ಮನೆಕ್ಯಾಮರಾ ಕಂಪನಿಯೂ ನೌಕರರು ಗಿರಾಕಿಗಳ ಖಾಸಗಿ ದೃಶ್ಯಗಳನ್ನು ನೋಡಿದರೆಂಬ ಆರೋಪಕ್ಕಾಗಿ ೫೮ ಲಕ್ಷ ಡಾಲರು ತೆರಬೇಕಾಯಿತು.

ಇದನ್ನು ಬರೆದುದು ಒಂದು ಕಂಪನಿಯನ್ನು ಹಳಿಯುವುದಕ್ಕಲ್ಲ. ಯಂತ್ರ ನಮ್ಮ ಮನೆಯಲ್ಲಿದ್ದರೂ ಅದರ ಕಿವಿಯ ಇನ್ನೊಂದು ತುದಿ ನಮ್ಮ ಮನೆಯಲ್ಲಿಲ್ಲ ಎಂಬುದು ಇದರಿಂದ ತಿಳಿಯುವುದು. ಗಿಳಿಯು ಹಿರಿಯರ ಮುಂದೆ ಉಲಿದರೆ ನಾಚಿಕೆಯಾದರೂ ಆದೀತು. ಕಾಣದ ಊರಿನಲ್ಲಿ ಉಲಿದರೆ ನಾಚುವುದಕ್ಕೂ ನಮಗೆ ಸುದ್ದಿ ತಿಳಿಯದು.

ಕಲಾವಿದರು ಕಟ್ಟಿದ್ದು

ಇನ್ನು ಕಲಾವಿದರ ಕೃತಿಗಳನ್ನು ನೋಡುವಾ. ಅಮೇರಿಕೆಯ ಲಾರೆನ್ ಲೀ ಮೆಕಾರ್ಥಿ ಎಂಬ ಕಲಾವಿದೆಯು ೨೦೧೭ರಲ್ಲಿ ತನ್ನ ಹೆಸರನ್ನೇ ಇಟ್ಟು ಒಂದು ಕೃತಿಯನ್ನಾರಂಭಿಸಿದಳು. ಒಪ್ಪಿಕೊಂಡವರ ಮನೆಗಳಲ್ಲಿ ಕ್ಯಾಮರಾ, ಮೈಕು, ಬಾಗಿಲ ಬೀಗ, ನಲ್ಲಿ, ದೀಪದ ಸ್ವಿಚ್ಚು ಇವುಗಳನ್ನೆಲ್ಲ ಜೋಡಿಸಿ, ದೂರದಲ್ಲಿ ಕುಳಿತು ಕೆಲವು ದಿವಸಗಳವರೆಗೆ ಹಗಲಿರುಳು ಆ ಮನೆಯವರನ್ನು ನೋಡುತ್ತ, ಯಂತ್ರ ಮಾಡುವ ಸೇವೆಯನ್ನೆಲ್ಲ ತಾನೇ ಮಾಡಿದಳು. ಯಂತ್ರಕ್ಕೆ ಮನೆಯನ್ನೆಲ್ಲ ತೆರೆದಿಡುವ ನಾವು, ಅದೇ ಸೇವೆಯನ್ನು ಮನುಷ್ಯಳೊಬ್ಬಳು ಮಾಡುವಳೆಂದಾಗ ಏಕೆ ಹಿಂಜರಿಯುವೆವು? ಈ ಪ್ರಶ್ನೆಯೇ ಆ ಕೃತಿಯ ಜೀವ.

೨೦೧೯ರಲ್ಲಿ ಆಕೆಯು ಇನ್ನೊಂದು ಹೆಜ್ಜೆ ಮುಂದೆ ಹೋದಳು. ‘ಸಮ್‌ವನ್’, ಅಂದರೆ ‘ಯಾರೋ ಒಬ್ಬರು’, ಎಂಬ ಕೃತಿಯಲ್ಲಿ ನ್ಯೂಯಾರ್ಕಿನ ಕಲಾಮಂದಿರದೊಳಗೆ ನಾಲ್ಕು ಲ್ಯಾಪ್‌ಟಾಪುಗಳನ್ನಿಟ್ಟು, ಒಂದೊಂದನ್ನೂ ಒಂದೊಂದು ನಿಜವಾದ ಮನೆಗೆ ಸೇರಿಸಿದಳು. ನೋಡಬಂದ ಯಾರೇ ಆಗಲಿ ಅಲ್ಲಿ ಕುಳಿತು, ಆ ಮನೆಯವರು ಕರೆದಾಗ ಓಗೊಟ್ಟು, ಅವರ ದೀಪ ಹಚ್ಚಬಹುದು, ಹಾಡು ಹಾಕಬಹುದು. ಕಣ್ಗಾವಲಿನ ಕುರ್ಚಿಯಲ್ಲಿ ಕುಳಿತವನು ಬೇರೆ ಯಾರೋ ಅಲ್ಲ, ನಾವೇ ಎಂಬ ಅರಿವು ನೋಡುಗನಿಗೆ ಹುಟ್ಟುವುದು. ಈ ಕೃತಿಗೆ ೨೦೨೦ರಲ್ಲಿ ಆಸ್ಟ್ರಿಯಾ ದೇಶದ ಆರ್ಸ್ ಎಲೆಕ್ಟ್ರಾನಿಕಾ ಸಂಸ್ಥೆಯ ಗೋಲ್ಡನ್ ನಿಕಾ ಪುರಸ್ಕಾರ ಸಂದಿತು.

ಮೂರನೆಯದು ಡೆನ್ಮಾರ್ಕಿನ ಬ್ಯೋರ್ನ್ ಕಾರ್ಮನ್ ಮತ್ತು ಟೋರೆ ಕ್ನುಡ್‌ಸನ್ ಎಂಬವರು ೨೦೧೮ರಲ್ಲಿ ಮಾಡಿದ ‘ಅಲಿಯಾಸ್’. ಇದು ಮಾತಿನ ಯಂತ್ರದ ತಲೆಯ ಮೇಲೆ ಟೊಪ್ಪಿಗೆಯಂತೆ ಕೂರುವ ಚಿಕ್ಕ ಸಾಧನ. ಯಾವಾಗಲೂ ಯಂತ್ರದ ಮೈಕಿನೊಳಕ್ಕೆ ಸಣ್ಣ ಗದ್ದಲವನ್ನು ತುಂಬುತ್ತ ಅದನ್ನು ಕಿವುಡಾಗಿಸಿರುವುದು. ಮನೆಯವರು ತಾವೇ ಆರಿಸಿಕೊಂಡ ಹೆಸರನ್ನು ಕೂಗಿದಾಗ ಮಾತ್ರ ಗದ್ದಲವನ್ನು ನಿಲ್ಲಿಸಿ, ಯಂತ್ರವನ್ನು ಎಚ್ಚರಿಸುವುದು. ಅಮರುಕನ ವಧುವು ಗಿಳಿಯ ಕೊಕ್ಕಿನಲ್ಲಿಟ್ಟ ಕೆಂಪು ಹರಳು ಸಾವಿರ ವರ್ಷಗಳಾಚೆಗೆ ಡೆನ್ಮಾರ್ಕಿನಲ್ಲಿ ಮತ್ತೆ ಕಾಣಿಸಿಕೊಂಡಿತೆಂದು ನನಗೆ ತೋರಿತು.

ನಮ್ಮ ಊರಿನಲ್ಲಿ ಕಟ್ಟುವುದಾದರೆ

ಇಂಥದನ್ನು ಕಟ್ಟುವುದಕ್ಕೆ ನ್ಯೂಯಾರ್ಕೇ ಆಗಬೇಕೆಂಬುದಿಲ್ಲ. ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಒಬ್ಬ ಬಡಗಿ, ಒಬ್ಬ ಕರೆಂಟಿನ ಕೆಲಸದವನು, ಕಂಪ್ಯೂಟರು ಬಲ್ಲ ಇಬ್ಬರು ವಿದ್ಯಾರ್ಥಿಗಳು ಸೇರಿದರೆ ಸಾಕು. ನನ್ನ ಮನಸ್ಸಿನಲ್ಲಿರುವ ಯೋಜನೆಯನ್ನು ಇಲ್ಲಿ ಬರೆಯುವೆನು.

ಬಿದಿರಿನ ಚೌಕಟ್ಟಿಗೆ ಬಿಳಿಯ ಬಟ್ಟೆ ಬಿಗಿದು ನಮ್ಮ ಪೇಟೆಯ ಹಳೆಯ ಮನೆಗಳ ಮಾದರಿಯಲ್ಲಿ ಪಡಸಾಲೆ, ನಡುಮನೆ, ಅಡಿಗೆಮನೆ ಎಂಬ ಮೂರು ಕೋಣೆಗಳನ್ನು ಮಾಡಬೇಕು. ಒಂದೊಂದು ಕೋಣೆಯ ಮೂಲೆಯಲ್ಲಿಯೂ ಮನುಷ್ಯನ ಮೈಶಾಖದ ಚಲನೆಯನ್ನು ಗುರುತಿಸುವ ಸೆನ್ಸರೊಂದನ್ನು ಇಡಬೇಕು. ಕಣ್ಣಿಗೆ ಕಾಣದ ಅವರಕ್ತ ಕಿರಣಗಳ ಏರಿಳಿತದಿಂದ ಅದು ಯಾರೋ ಬಂದರೆಂದು ತಿಳಿಯುವುದು. ಬಂದವರು ಯಾರೆಂಬುದು ಅದಕ್ಕೆ ಗೊತ್ತಾಗದು. ಜೊತೆಗೊಂದು ಮೈಕು. ಅದು ಶಬ್ದದ ಗಟ್ಟಿತನವನ್ನಷ್ಟೇ ಅಳೆಯಬೇಕು, ಮಾತನ್ನು ಮುದ್ರಿಸಿಕೊಳ್ಳಬಾರದು. ಇವೆಲ್ಲವನ್ನೂ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರಿಗೆ ಸೇರಿಸಬೇಕು. ಮಕ್ಕಳಿಗೆ ಕಂಪ್ಯೂಟರು ವಿದ್ಯೆ ಕಲಿಸಲೆಂದು ಬ್ರಿಟನ್ನಿನಲ್ಲಿ ಹುಟ್ಟಿ ೨೦೧೨ರಲ್ಲಿ ಮಾರಾಟಕ್ಕೆ ಬಂದ ಇದು ಒಂದು ಅಂಗೈಯಲ್ಲಿ ಹಿಡಿಸುವುದು. ಇದನ್ನು ಇಂಟರ್ನೆಟ್ಟಿಗೆ ಜೋಡಿಸಕೂಡದು. ಕೇಳಿದ್ದೆಲ್ಲವೂ ಆ ಬಟ್ಟೆಯ ಮನೆಯೊಳಗೇ ಉಳಿಯತಕ್ಕದ್ದು.

ಬಂದವನು ಪಡಸಾಲೆಗೆ ಕಾಲಿಟ್ಟೊಡನೆ ದೀಪ ಹತ್ತುವುದು. ಕುಳಿತರೆ ಸಣ್ಣ ಫ್ಯಾನು ತಿರುಗುವುದು. ಮಾತಾಡಿದರೆ ದೀಪವು ಮಾತಿನ ಏರಿಳಿತಕ್ಕೆ ತಕ್ಕಂತೆ ಮಿನುಗುವುದು. ಮನೆಯು ನನ್ನನ್ನು ಬಲ್ಲುದು, ಆದರಿಸುತ್ತದೆ ಎಂದು ಅವನಿಗೆ ಹಿತವೆನಿಸಬೇಕು. ಈ ಹಿತವು ಸುಳ್ಳಲ್ಲ. ಅದನ್ನು ಬಿಟ್ಟು ಅಪಾಯವನ್ನಷ್ಟೇ ತೋರಿಸಿದರೆ ಕೃತಿಯು ಭಯದ ಬೊಂಬೆಯಾದೀತು.

ಹೊರಬೀಳುವ ಬಾಗಿಲಲ್ಲಿ ಅಂಗಡಿಯ ಬಿಲ್ಲು ಅಚ್ಚಿಸುವ ಚಿಕ್ಕ ಯಂತ್ರವೊಂದು ಇರುವುದು. ಅದು ಬಂದವನ ಕೈಗೆ ಒಂದು ಚೀಟಿಯನ್ನು ಕೊಡುವುದು: ‘ಪಡಸಾಲೆಯಲ್ಲಿ ೪ ನಿಮಿಷ. ನಡುಮನೆಯಲ್ಲಿ ೧ ನಿಮಿಷ; ಇಲ್ಲಿ ದನಿ ಏರಿತು. ಅಡಿಗೆಮನೆಯಲ್ಲಿ ೬ ನಿಮಿಷ, ಮೌನ.’ ಇಷ್ಟು ಅಳತೆಯ ಮಾತು. ಅದರ ಕೆಳಗೆ ಊಹೆಯ ಮಾತು: ‘ಜಗಳವಾಗಿದೆ. ಈ ಮನೆಯವರು ದುಃಖದಲ್ಲಿರುವರು.’ ನಿಜವಾಗಿ ನೋಡಿದರೆ ನಡುಮನೆಯಲ್ಲಿ ನಗೆಯಿಂದ ದನಿಯೇರಿರಬಹುದು. ಅಡಿಗೆಮನೆಯಲ್ಲಿ ಮಗುವು ಡಬ್ಬಿಗಳನ್ನು ಎಣಿಸುತ್ತಿದ್ದಿರಬಹುದು. ಆದರೆ ಅಚ್ಚಾದ ಮಾತಿಗೆ ಒಂದು ತೂಕ ಬಂದುಬಿಡುವುದು. ಅಳತೆ ನಿಜವಾಗಿದ್ದೂ ಅರ್ಥ ಸುಳ್ಳಾಗಬಹುದೆಂಬ ಈ ಪಾಠವನ್ನು ಆ ಗೇಣುದ್ದದ ಚೀಟಿಯು ಉಪನ್ಯಾಸಕ್ಕಿಂತ ಚೆನ್ನಾಗಿ ಕಲಿಸೀತು. ನಮ್ಮ ನಡೆನುಡಿಯ ಇಂಥ ಲೆಕ್ಕಗಳಿಂದಲೇ ನಮಗೆ ಯಾವ ಜಾಹೀರಾತು ತೋರಿಸಬೇಕೆಂಬುದನ್ನು ಯಂತ್ರಗಳು ನಿರ್ಣಯಿಸುತ್ತಿರುವುವಷ್ಟೆ.

ಅಲ್ಲಿಗೆ ಕೃತಿಯ ಅರ್ಧ ಮುಗಿಯಿತು. ಈಗ ಅವನನ್ನು ಮನೆಯ ಹಿಂಬದಿಯ ಕುರ್ಚಿಯಲ್ಲಿ ಕೂರಿಸಬೇಕು. ಅವನ ಮುಂದೆ ಮೂರು ಚಿಕ್ಕ ದೀಪಗಳು, ಮೂರು ಸ್ವಿಚ್ಚುಗಳು. ಒಳಗೆ ಮುಂದಿನ ಸರದಿಯವರು ಯಾವ ಕೋಣೆಯಲ್ಲಿರುವರೋ ಆ ಕೋಣೆಯ ದೀಪ ಹತ್ತುವುದು. ಸ್ವಿಚ್ಚು ಒತ್ತಿ ಅವರ ಕೋಣೆಯನ್ನು ಕತ್ತಲೆ ಮಾಡಬಲ್ಲನು, ಬೆಳಗಿಸಬಲ್ಲನು. ಹತ್ತು ಜನರಲ್ಲಿ ಒಂಬತ್ತು ಜನರಾದರೂ ಒಮ್ಮೆ ಕತ್ತಲೆ ಮಾಡಿ ನೋಡದೆ ಇರಲಾರರೆಂದು ನನ್ನ ಅನುಮಾನ. ಮೂವತ್ತೈದು ವರ್ಷ ಹುಡುಗರ ನಡುವೆ ಇದ್ದವನಿಗೆ ಇಷ್ಟು ಮನುಷ್ಯಸ್ವಭಾವ ತಿಳಿದಿರುವುದು. ತಾನು ಕಾಣಿಸದೆ ಇನ್ನೊಬ್ಬನನ್ನು ನೋಡುವವನಿಗೆ ಕೈ ಚಪಲವಾಗುವುದು.

ಎರಡು ನಿಮಿಷಗಳಾದ ಬಳಿಕ ಕುರ್ಚಿಯ ಮುಂದಿನ ಪರದೆ ಸರಿದು, ಅವನ ತಲೆಯ ಮೇಲೊಂದು ದೀಪ ತಾನಾಗಿ ಹತ್ತಬೇಕು. ಒಳಗಿನವರು ಕಿಂಡಿಯೊಳಗಿಂದ ಅವನ ಮುಖವನ್ನು ನೋಡುವರು. ಅವನೂ ಅವರನ್ನು ನೋಡುವನು. ಕಿರ್ಖರನ ಕೊಳವೆಯಾಗಿದ್ದ ಮನೆಯು ಆ ಕ್ಷಣದಲ್ಲಿ ಗೋಳಗುಮ್ಮಟವಾಗುವುದು. ಆಗ ಸ್ವಿಚ್ಚಿನ ಮೇಲಿದ್ದ ಕೈ ತಾನೇ ಹಿಂದಕ್ಕೆ ಸರಿದರೆ ಕೃತಿಯು ಸಫಲವಾದಂತೆಯೇ ಸರಿ.

ಕಣ್ಗಾವಲನ್ನು ಕುರಿತ ಕೃತಿಯು ತಾನೇ ಕಳ್ಳಕಿವಿಯಾಗಕೂಡದು. ಆದುದರಿಂದ ಬಾಗಿಲಲ್ಲಿಯೇ ದೊಡ್ಡಕ್ಷರದ ಹಲಗೆಯನ್ನಿಟ್ಟು, ಒಳಗೆ ಏನನ್ನು ಅಳೆಯಲಾಗುವುದು, ಏನನ್ನು ಅಳೆಯುವುದಿಲ್ಲ ಎಂಬುದನ್ನು ತಿಳಿಗನ್ನಡದಲ್ಲಿ ಬರೆಯಬೇಕು. ಓದಬಾರದವರಿಗೆ ಒಬ್ಬರು ನಿಂತು ಓದಿಹೇಳಬೇಕು. ಬೇಡವೆಂದವರಿಗೆ ಸೆನ್ಸರುಗಳಿಲ್ಲದ ಇನ್ನೊಂದು ಹಾದಿ ಇರಬೇಕು. ಚೀಟಿಯ ಪ್ರತಿ ಒಂದೇ. ಅದು ಬಂದವನ ಕೈಯಲ್ಲಿರುವುದು. ಬೇಕಾದರೆ ಮನೆಗೊಯ್ಯಲಿ, ಬೇಡವಾದರೆ ಹರಿದು ಬುಟ್ಟಿಗೆ ಹಾಕಲಿ. ನಡುವೆ ಕರೆಂಟು ಹೋದರೆ ಮನೆಯೆಲ್ಲ ಮೂಕವಾಗುವುದು. ಅದನ್ನೂ ಬಂದವರು ನೋಡಲಿ. ಯಂತ್ರದ ಜಾಣತನ ಯಾವ ತಂತಿಯಿಂದ ನೇತಾಡುವುದೆಂಬುದು ತಿಳಿದಂತಾಯಿತು.

ಗೃಹಸ್ಥರ ಪಾಲಿನ ವಿಚಾರ

ಕಲೆಯ ಮಾತು ಇಷ್ಟಾಯಿತು. ಇನ್ನು ಇಟ್ಟಿಗೆ ಕಲ್ಲುಗಳ ಮನೆಯ ಮಾತು.

ಮನೆಯೊಳಕ್ಕೆ ಹಣಿಕುವ ಅಧಿಕಾರ ಯಾರಿಗುಂಟು, ಎಷ್ಟುಂಟು ಎಂಬ ಪ್ರಶ್ನೆಗೆ ನಮ್ಮ ನಾಡಿನವರೇ ಒಬ್ಬರು ದೇಶಕ್ಕೆಲ್ಲ ಉತ್ತರ ದೊರಕಿಸಿಕೊಟ್ಟರು. ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ವ್ಯಾಜ್ಯದಿಂದಲೇ ಖಾಸಗಿತನವು ಪ್ರಜೆಗಳ ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಒಂಬತ್ತ ಜನ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿರುವುದು.

ಮನೆಯೊಳಗಿನ ಕಣ್ಗಾವಲಿನ ರುಚಿಯನ್ನು ನಮ್ಮ ರಾಜ್ಯದವರು ಒಮ್ಮೆ ಕಂಡುದೂ ಉಂಟು. ೨೦೨೦ರ ಮಾರ್ಚಿಯಲ್ಲಿ, ಕೊರೋನಾ ಜಾಡ್ಯದ ಕಾಲಕ್ಕೆ, ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕೆಂದು ಆಜ್ಞೆಯಾದವರು ಗಂಟೆಗೊಂದು ಸಲ ತಮ್ಮ ಭಾವಚಿತ್ರವನ್ನು ತೆಗೆದು ಮೊಬೈಲಿನಿಂದ ಸರಕಾರಕ್ಕೆ ಕಳಿಸತಕ್ಕದ್ದೆಂದು ಗೊತ್ತುಪಡಿಸಿದ್ದರು. ನಿದ್ರೆಗೆಂದು ರಾತ್ರಿ ಹತ್ತರಿಂದ ಬೆಳಗಿನ ಏಳರ ವರೆಗೆ ಬಿಡುವು. ಆ ಕಾಲದ ಕಷ್ಟ ದೊಡ್ಡದಾಗಿದ್ದಿತು, ನಿಜ. ಆದರೂ ಸ್ವಂತ ಮನೆಯಲ್ಲಿ ಗಂಟೆಗೊಮ್ಮೆ ಹಾಜರಿ ಕೊಟ್ಟವರಿಗೆ ಆಗ ಮನೆಯೆಂಬುದು ಏನಾಗಿ ತೋರಿರಬೇಕು!

ಸರಕಾರದ ಕಣ್ಣಿಗೆ ಕೋರ್ಟಿನ ಕಟ್ಟುಂಟು. ಕಂಪನಿಗಳನ್ನು ಕಟ್ಟಿಹಾಕಲು ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಾಯಿತು. ಆದರೆ ಒಬ್ಬ ವ್ಯಕ್ತಿಯು ತನ್ನ ಸ್ವಂತದ ಅಥವಾ ಮನೆಯ ಉಪಯೋಗಕ್ಕಾಗಿ ಮಾಡುವ ಸಂಗ್ರಹಕ್ಕೆ ಆ ಕಾಯಿದೆಯು ಅನ್ವಯಿಸುವುದಿಲ್ಲ. ಮಗನು ತಂದೆತಾಯಿಗಳ ಮೇಲೆ, ಅತ್ತೆಯು ಸೊಸೆಯ ಮೇಲೆ, ಯಜಮಾನನು ಮನೆಗೆಲಸದ ಹೆಣ್ಣುಮಗಳ ಮೇಲೆ ಇಟ್ಟ ಕಣ್ಣನ್ನು ಆ ಕಾಯಿದೆ ನಮ್ಮ ನಮ್ಮ ವಿವೇಕಕ್ಕೇ ಬಿಟ್ಟಿರುವುದು. ಕಾಯಿದೆ ನಿಂತಲ್ಲಿ ಗೃಹಸ್ಥಧರ್ಮವು ಕೆಲಸ ಮಾಡಬೇಕು.

ಇದು ನಮ್ಮ ಪೇಟೆಗಳಿಗೆ ದೂರದ ಸಂಗತಿಯಲ್ಲ. ಮಕ್ಕಳೆಲ್ಲ ಬೆಂಗಳೂರು, ಪುಣೆ, ಪರದೇಶಗಳಲ್ಲಿ. ಮುದುಕ ಮುದುಕಿ ಇಬ್ಬರೇ ಹಳೆಯ ಮನೆಯಲ್ಲಿ. ಮಕ್ಕಳು ಪ್ರೀತಿಯಿಂದಲೇ ಕ್ಯಾಮರಾ ತಂದು ಹಾಕುವರು. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ನಾನು ಒಮ್ಮೆ ತಲೆತಿರುಗಿ ಬಿದ್ದ ಸುದ್ದಿ ತಿಳಿದು, ಪುಣೆಯಲ್ಲಿರುವ ಮಗನು ಪಡಸಾಲೆಗೊಂದು ಕ್ಯಾಮರಾ ಹಾಕಿಸಿದನು. ತಿಂಗಳೊಳಗೆ ನನ್ನ ಮನೆಯವರು ಪಡಸಾಲೆಯಲ್ಲಿ ಕೂರುವುದನ್ನೇ ಬಿಟ್ಟರು. ಮಧ್ಯಾಹ್ನ ನೆರೆಮನೆಯ ಹೆಂಗಸರು ಬಂದರೆ ಅಡಿಗೆಮನೆಯ ಇಕ್ಕಟ್ಟಿನಲ್ಲಿಯೇ ಕೂತು ಮಾತಾಡುವರು. ಕೇಳಿದರೆ, “ಮಗ ನೋಡಿದರೆ ನಾಚಿಕೆಯೇನಿಲ್ಲ ಖರೆ, ಆದರೆ ಅಂವ ಯಾವಾಗ ನೋಡತಾನ, ಯಾವಾಗ ನೋಡೂದಿಲ್ಲ, ಅದು ತಿಳಿಯೂದಿಲ್ಲಲ್ರೀ” ಎಂದರು. ಬೆಂಥಮನೆಂಬ ಆಂಗ್ಲ ಪಂಡಿತನು ೧೭೯೧ರಲ್ಲಿ ಪ್ರಕಟಿಸಿದ ಸೆರೆಮನೆಯ ಯೋಜನೆಯ ಸಾರವೂ ಇಷ್ಟೇ ಆಗಿದ್ದಿತು: ನಡುವಿನ ಗೋಪುರದಲ್ಲಿರುವ ಕಾವಲುಗಾರನು ಯಾವಾಗ ನೋಡುವನೆಂಬುದು ಕೈದಿಗಳಿಗೆ ತಿಳಿಯಬಾರದು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆಕೆಗೆ ಆ ತತ್ತ್ವವು ತಿಂಗಳಲ್ಲಿ ತಿಳಿದಿದ್ದಿತು.

ಮಗನೊಡನೆ ಕುಳಿತು ಮಾತಾಡಿದೆವು. ಅವನ ಅಂಜಿಕೆಯೂ ನ್ಯಾಯವಾದುದೇ. ಕೊನೆಗೆ ಕ್ಯಾಮರಾ ತಲಬಾಗಿಲಿನ ಹೊರಕ್ಕೆ ಹೋಯಿತು. ದಿನಾಲು ಸಂಜೆ ದೀಪ ಹಚ್ಚಿದ ಮೇಲೆ ಅವನು ವಿಡಿಯೋ ಕರೆ ಮಾಡುವನು. ನಮ್ಮ ಪಡಸಾಲೆ ಅವನಿಗೆ ಕಾಣುವುದು, ಅವನ ಅಡಿಗೆಮನೆ ನಮಗೆ ಕಾಣುವುದು. ಆಪತ್ತಿಗೆಂದು ಒತ್ತಿದೊಡನೆ ಅವನಿಗೂ ನೆರೆಯವರಿಗೂ ಕರೆ ಹೋಗುವ ಗುಂಡಿಯೊಂದನ್ನು ನನ್ನ ಕೊರಳಿಗೆ ಹಾಕಿರುವನು. ಅದನ್ನು ಒತ್ತುವ ಅಧಿಕಾರ ನನ್ನದು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟು. ಮನೆಗೆ ಇಂಥ ಯಂತ್ರ ತರುವ ಮುನ್ನ ಗುಮ್ಮಟದ ಮೊಗಸಾಲೆಯನ್ನು ನೆನೆಯಿರಿ. ಕೇಳುವವರು ಯಾರೆಂಬುದು ಮನೆಯವರೆಲ್ಲರಿಗೂ ತಿಳಿದಿದೆಯೆ? ನೋಡುವವರನ್ನು ನಾವೂ ನೋಡಬಲ್ಲೆವೆ? ಕೇಳಿದ್ದು ಎಷ್ಟು ದಿನ ಉಳಿಯುವುದು, ಅಳಿಸುವ ಅಧಿಕಾರ ಯಾರದು? ಈ ಪ್ರಶ್ನೆಗಳನ್ನು ಯಂತ್ರಕ್ಕೆ ಹಣ ಕೊಡುವವನು ಕೇಳಿಕೊಂಡರೆ ಸಾಲದು. ಅದರ ಎದುರಿಗೆ ದಿನವೆಲ್ಲ ಇರತಕ್ಕ ಸೊಸೆಯನ್ನೂ ಮುದುಕರನ್ನೂ ಮಕ್ಕಳನ್ನೂ ಕೆಲಸದವಳನ್ನೂ ಕೇಳಬೇಕು. ಅವರು ಒಪ್ಪಿದ ಕಡೆ ಇಡಿರಿ, ಒಪ್ಪದ ಕಡೆ ತೆಗೆಯಿರಿ. ಮಲಗುವ ಕೋಣೆಗೂ ಬಚ್ಚಲಮನೆಗೂ ಅದನ್ನು ತರಲೇಬೇಡಿರಿ. ಬೇಡವಾದ ವೇಳೆಗೆ ಮೈಕಿನ ಸ್ವಿಚ್ಚು ತೆಗೆಯುವುದನ್ನೂ, ಕೂಡಿಟ್ಟ ಧ್ವನಿಯನ್ನು ಅಳಿಸುವುದನ್ನೂ ಮನೆಯ ಪ್ರತಿಯೊಬ್ಬರಿಗೆ ಕಲಿಸಿರಿ. ಗಿಳಿಯನ್ನು ಸಾಕಬಾರದೆಂದು ಯಾರೂ ಹೇಳಲಾರರು. ದಾಳಿಂಬೆಯ ಬೀಜ ಮಾತ್ರ ಮನೆಯವರೆಲ್ಲರ ಕೈಗೆಟುಕುವಂತಿರಲಿ.